ಉಸ್ತಾದರ ಜಾಗದಲ್ಲಿ ಬರೆದ ಹೆಸರು

ನಿಜಾಮರ ಕಾಲದಲ್ಲಿ ಕನ್ನಡದ ಹುಡುಗ ರಾಜ್ಯದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಬೇಕಾದರೆ ಉರ್ದು ಬರಬೇಕಿತ್ತು. ಇದು ಎಲ್ಲರಿಗೂ ಗೊತ್ತು. ಆ ಉರ್ದುವನ್ನು ಅವನಿಗೆ ಕಲಿಸಿದವರು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ.

ಕಮಲಾಪುರದ ದೇವೀಂದ್ರಪ್ಪನಿಗೆ ಕಲಿಸಿದವಳು ರೋಷನಬಿ. ಮುನ್ಷಿಯಾಗಿದ್ದ ಅವಳ ಅಪ್ಪ ಪಾಠ ಹೇಳುತ್ತಿದ್ದದ್ದು ಮಗನಿಗೆ. ಮಗ ನಬಿಸಾಬ್ ಬಾಳೆತೋಟಕ್ಕೆ ಓಡಿಹೋಗುತ್ತಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಮಗಳು ಎಲ್ಲವನ್ನೂ ಕಲಿತುಬಿಟ್ಟಳು. ಗಂಡ ಸತ್ತು ತವರಿಗೆ ಬಂದ ಮೇಲೆ ಮೂರು ವರ್ಷ ದೇವೀಂದ್ರಪ್ಪನಿಗೆ ಕಲಿಸಿದಳು. ಪರದೆಯ ಒಳಗೆ ಅವಳು, ಹೊರಗೆ ಅವನು. ಹಲಗೆ ಪರದೆಯ ಕೆಳಗಿನಿಂದ ಹೋಗಿಬರುತ್ತಿತ್ತು.

"ಏನೋ ಇದು? ಅಕ್ಷರಕ್ಕ ಚುಕ್ಕಿ ಇಡು ಅಂದ್ರ ಬಾಳೆಹಣ್ಣಿಗೆ ನೊಣ ಮುತ್ತಿದಂಗ ಇಟ್ಟೀಯಲ್ಲ!"

"ಕೈ ನಡಗ್ತದ, ಖಾಲಾ."

"ಹೋಳಿಗಿ ತಿನ್ನಾಗ ನಡಗಂಗಿಲ್ಲೇನು?"

ಆ ವರ್ಷ ಹೈದರಾಬಾದಿನ ಒಂದು ಕಾಲೇಜು ಜಿಲ್ಲೆಯಿಂದ ನಾಲ್ಕೇ ಹುಡುಗರನ್ನು ತೆಗೆದುಕೊಳ್ಳುವುದಿತ್ತು. ಅರ್ಜಿ ನಲವತ್ತು ಬಂದಿದ್ದವು. ಮನೆಪಾಠದಲ್ಲಿ ಉರ್ದು ಕಲಿತವರು ಕಲಿಸಿದ ಉಸ್ತಾದರನ್ನು ಕರೆತಂದು ಅರ್ಜಿಗೆ ಸಹಿ ಹಾಕಿಸಬೇಕು. ಹೆಂಗಸಿನ ಸಹಿ ನಡೆಯುವುದಿಲ್ಲವೆಂದು ಊರಿನ ಗುಮಾಸ್ತ ಮೊದಲೇ ಹೇಳಿದ. ಹಾಗಾಗಿ ನಬಿಸಾಬನೇ ಉಸ್ತಾದನಾಗಬೇಕಾಯಿತು. ಅವನೋ, ಹೆಬ್ಬೆಟ್ಟು.

ರೋಷನಬಿ ತಮ್ಮನ ಕೈಗೆ ಹಲಗೆ ಕೊಟ್ಟಳು. ಎಂಟು ದಿನ ಅವನು ತನ್ನ ಹೆಸರನ್ನೇ ತಿದ್ದಿದ.

"ಆಪಾ, ಬಂಡಿ ತುಂಬ ಬಾಳೆಗೊನಿ ಹೊರತೀನಿ, ಇದೊಂದು ಬ್ಯಾಡ."

"ಅಪ್ಪ ಇದ್ದಾಗ ತಪ್ಪಿಸ್ಕೊಂಡಿ. ಈಗ ತಿದ್ದು."

ಆಯ್ಕೆಯ ದಿನ ಕಲಬುರಗಿಯ ಕಚೇರಿಯ ಜಗುಲಿಗೆ ಒತ್ತಿಕೊಂಡೇ ಅವರ ಬಂಡಿ ನಿಂತಿತು. ಮುಂದೆ ಸಂತೆಗೆ ತಂದ ಕೆಂಪು ಬಾಳೆ, ಹಿಂದೆ ಪರದೆಯೊಳಗೆ ರೋಷನಬಿ. ದೇವೀಂದ್ರಪ್ಪ ತಡವರಿಸದೆ ಓದಿದ, ಬರೆದ. ಹೈದರಾಬಾದಿನಿಂದ ಬಂದ ಸಾಹೇಬರು ಆ ಅಕ್ಷರ ನೋಡಿ ಉಸ್ತಾದರನ್ನು ಕರೆದರು. ನಬಿಸಾಬ್ ಬೆವರುತ್ತ ಸಹಿ ಹಾಕಿದ.

"ಈ ನಾಲ್ಕು ಸಾಲು ನಿಮ್ಮ ಬಾಯಿಂದ ಕೇಳೋಣ, ಉಸ್ತಾದ್," ಎಂದು ಸಾಹೇಬರು ಪುಸ್ತಕದಿಂದ ನಕಲು ಮಾಡಿಸಿ ತಂದಿದ್ದ ಹಾಳೆ ಕೊಟ್ಟರು.

"ಚಸ್ಮಾ ಮರತು ಬಂದೀನ್ರೀ, ಹುಜೂರ್."

ಸಾಹೇಬರು ತಮ್ಮ ಚಸ್ಮಾ ತೆಗೆದುಕೊಟ್ಟರು. ನಬಿಸಾಬ್ ಹಾಕಿಕೊಂಡ.

"ಈಗ ಹುಜೂರೂ ಕಾಣವಲ್ಲರು."

ಜಗುಲಿಯೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ, ದೇವೀಂದ್ರಪ್ಪನ ಹೆಸರು ಹೊಡೆದುಹಾಕಲು ಲೇಖನಿ ಎತ್ತಿದರು.

ಬಂಡಿಯ ಪರದೆಯಿಂದ ಒಂದು ಕೈ ಹೊರಬಂತು. "ಹಾಳಿ ಇಲ್ಲಿ ಕೊಡ್ರಿ."

ರೋಷನಬಿ ನಾಲ್ಕೂ ಸಾಲು ಓದಿದಳು. ಮೂರನೆಯ ಸಾಲಿನಲ್ಲಿ ನಕಲು ಮಾಡಿದವನು ಒಂದು ಪದ ಬಿಟ್ಟಿದ್ದಾನೆಂದು ಹೇಳಿ, ಆ ಪದವನ್ನೂ ಹೇಳಿದಳು. ಸಾಹೇಬರು ಪುಸ್ತಕ ತೆಗೆದು ತಾಳೆ ನೋಡಿದರು. ಪದ ಬಿಟ್ಟುಹೋಗಿತ್ತು.

"ಹುಡುಗನನ್ನು ತೆಗೆದುಕೊಳ್ಳುತ್ತೇನೆ," ಎಂದರು.

"ಹಂಗಾದ್ರ ನನ್ನ ಹೆಸರು ಬರೀರಿ. ರೋಷನಬಿ."

"ಅದನ್ನು ಬರೆದರೆ ಈ ಅರ್ಜಿ ಮೇಲೆ ಹೋಗಿ ವಾಪಸು ಬರುತ್ತದೆ, ಬೀಬಿ. ನಬಿಸಾಬ್ ಅಂತಲೇ ಇರಲಿ. ಹುಡುಗ ಬೇಕೋ, ಹೆಸರು ಬೇಕೋ ಹೇಳಿ."

ರೋಷನಬಿ ಪರದೆಯ ಸಂದಿಯಿಂದ ದೇವೀಂದ್ರಪ್ಪನನ್ನು ನೋಡಿದಳು. ಅವನೊಂದು ಮಾತು ಆಡಬಹುದಿತ್ತು. ಅವನು ನೆಲ ನೋಡುತ್ತಿದ್ದ.

"ಹುಡುಗನ್ನ ತಗೋರಿ," ಎಂದಳು.

ದಾರಿಯಲ್ಲಿ ನಬಿಸಾಬ್ ಹಿಂತಿರುಗಿ, "ಆಪಾ, ಕಡೀಕ ನಾನೇ ಉಸ್ತಾದ ಆದೆ ನೋಡು," ಎಂದ.

"ಹೂಂ, ಉಸ್ತಾದ್. ಎತ್ತು ಹೊಡಿ."

ದೇವೀಂದ್ರಪ್ಪ ವಕೀಲನಾದ. ಆ ಅರ್ಜಿಯ ನಕಲಿಗೆ ಕಟ್ಟು ಹಾಕಿಸಿ ಬೈಠಕ್ಕಿನ ಗೋಡೆಗೆ ತೂಗುಹಾಕಿದ. ಉಸ್ತಾದ್: ನಬಿಸಾಬ್. ಬಂದವರಿಗೆ ಚಸ್ಮಾದ ಕಥೆ ಹೇಳಿ ನಗಿಸುತ್ತಿದ್ದ. ಬಂಡಿಯ ಕಥೆ ಹೇಳುತ್ತಿರಲಿಲ್ಲ. ರೋಷನಬಿ ಕಮಲಾಪುರದಲ್ಲೇ ತೀರಿಕೊಂಡಳು. ಅವಳು ಕಲಿಸಿದ್ದಳೆಂದು ಹೇಳುವ ಒಂದು ಚೂರು ಕಾಗದವೂ ಎಲ್ಲಿಯೂ ಇಲ್ಲ.

ನಿಮ್ಮ ಮನೆಯ ಗೋಡೆಯ ಮೇಲೂ ಅಜ್ಜನದೊಂದು ಕಾಗದ ತೂಗುತ್ತಿರಬಹುದು. ಅದನ್ನು ಕೆಳಗಿಳಿಸಿ. ಅವನಿಗೆ ಅಕ್ಷರ ತಿದ್ದಿಸಿದವಳು ಯಾರೆಂದು ಹಿರಿಯರನ್ನು ಕೂಡಿಸಿ ಕೇಳಿ. ಉತ್ತರ ಸಿಕ್ಕ ದಿನವೇ ಅವಳ ಹೆಸರನ್ನು ಆ ಕಾಗದದ ಮೇಲೆ ಬರೆಯಿರಿ.