ಬಂಡೆ ಸುತ್ತಿ ಬಂದ ಕಾಲುವೆ

ನೀರಕ್ಕ ಮಂಗಳವಾರ ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡಳು. ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಕಣಿವೆಯ ಕಾಲುವೆಯನ್ನು ಕಾಯುವ ನೀರುಗಂಟಿ ಅವಳು. ನೀರಕ್ಕ ಎಂಬ ಹೆಸರು ಬಂದದ್ದೇ ಹಾಗೆ. ತೊರೆಯಿಂದ ಹೊರಟ ಕಾಲುವೆ ಬೆಟ್ಟದ ಸೊಂಟವನ್ನು ಬಳಸಿಕೊಂಡು, ಹೊಲದಿಂದ ಹೊಲಕ್ಕೆ ಇಳಿದು, ಕೆಳಕೇರಿಯ ನಾಲ್ಕಾರು ಮನೆಗಳ ಹತ್ತಿರ ಮುಗಿಯುತ್ತದೆ. ಕೊನೆಯ ಹೊಲ ಯಾರದೋ ಆ ಮನೆಯವರೇ ನೀರುಗಂಟಿಯಾಗಬೇಕು ಎಂಬುದು ಅಲ್ಲಿನ ಕಟ್ಟಳೆ. ತನ್ನ ಹೊಲಕ್ಕೆ ನೀರು ಮುಟ್ಟಬೇಕೆಂದರೆ ಮಿಕ್ಕವರ ಹೊಲಗಳನ್ನೆಲ್ಲ ತಣಿಸಿಕೊಂಡೇ ತರಬೇಕಲ್ಲ. ಮಾವ ಹೋದ ಮೇಲೆ, ಗಂಡನೂ ಇಲ್ಲದ ಆ ಮನೆಯಲ್ಲಿ ಗುದ್ದಲಿ ಅವಳ ಕೈಗೆ ಬಂತು. ಅಡುಗೆಮನೆಯ ಕಿಟಕಿಯ ಕೆಳಗೇ ಕಾಲುವೆ. ಪಾತ್ರೆ ಉಜ್ಜುತ್ತಿದ್ದವಳು ಸದ್ದು ಸಣ್ಣಗಾದರೆ ಸಾಕು, "ಮೇಲೆ ಯಾರೋ ಕೈಚಳಕ ತೋರಿಸ್ತಿದ್ದಾರೆ" ಎನ್ನುತ್ತ ಒದ್ದೆಗೈಯಲ್ಲೇ ಹೊರಟುಬಿಡುತ್ತಿದ್ದಳು.

ಹೋದ ಮಳೆಗಾಲದಲ್ಲಿ ಬೆಟ್ಟ ಕುಸಿದು, ಮನೆಯಷ್ಟು ದೊಡ್ಡ ಬಂಡೆಯೊಂದು ಕಾಲುವೆಯ ಮೇಲೆ ಬಂದು ಕೂತಿತು. ಮೇಲಿನ ಹೊಲಗಳಿಗೇನೂ ತೊಂದರೆಯಿರಲಿಲ್ಲ. ಕೆಳಕೇರಿಗೆ ಮಾತ್ರ ಹನಿ ನೀರಿಲ್ಲ. ಬಿತ್ತನೆಯೊಳಗೆ ನೀರು ಬರದಿದ್ದರೆ ಕೇರಿಗೆ ಕೇರಿಯೇ ಗಂಟುಮೂಟೆ ಕಟ್ಟಬೇಕಿತ್ತು. ಪಕ್ಕದಲ್ಲೇ ಬೇರೆ ಮನೆ ಮಾಡಿಕೊಂಡಿದ್ದ ಅವಳ ಮೈದುನ ಆಗಲೇ ಏಣಿ ಹಾಕಿ ತನ್ನ ಸೂರಿನ ಹೆಂಚು ಇಳಿಸತೊಡಗಿದ್ದ.

"ಇಳಿಯೋ ಕೆಳಗೆ. ನೀರು ನಾನು ತರ್ತೀನಿ."

"ನೀವು ಗದರಿದ್ರೆ ನಾನು ಇಳೀತೀನಿ ಅತ್ತಿಗೆ. ಬಂಡೆ ಸರಿಯುತ್ತಾ?"

"ಅದು ಹಾಯಾಗಿ ಕೂತಿರ್ಲಿ. ನಾನು ಸುತ್ತಿಕೊಂಡು ಹೋಗ್ತೀನಿ."

ಬಂಡೆಯ ಮೇಲುಗಡೆ ಕಣ್ಣಳತೆಯಲ್ಲೇ ದಾರಿ ಗುರುತಿಸಿ ಚಳಿಗಾಲವಿಡೀ ಅಗೆದಳು. ನೀರು ಬಿಟ್ಟ ದಿನ ಕೇರಿಯವರೆಲ್ಲ ನೋಡಲು ಬಂದರು. ನೀರು ಅರ್ಧ ದೂರ ಬಂದು ನಿಂತಿತು. ಆಮೇಲೆ ನಿಧಾನವಾಗಿ ಹಿಂದಕ್ಕೆ ಹೊರಳಿತು. ಇಳಿಜಾರಿನಲ್ಲೇ ಹುಟ್ಟಿ ಬೆಳೆದವರು ಮಾಡುವ ತಪ್ಪು ಅದು. ಕಡಿದಾದ ಬೆಟ್ಟವನ್ನೇ ನೋಡಿ ಪಳಗಿದ ಕಣ್ಣಿಗೆ ಸಣ್ಣ ಏರೂ ಇಳಿಜಾರಾಗಿಯೇ ಕಾಣುತ್ತದೆ.

"ಅತ್ತಿಗೆ, ನಿಮ್ಮ ನೀರು ಮುನಿಸ್ಕೊಂಡು ತವರಿಗೆ ಹೊರಟಿತು!" ಎಂದ ಮೈದುನ. ಎಲ್ಲರೂ ನಕ್ಕರು. ಅವಳು ಗುದ್ದಲಿಯನ್ನು ಹೆಗಲಿಗೇರಿಸಿದಳು.

"ಕರ್ಕೊಂಡು ಬರೋಕೆ ನಾನೇ ಹೋಗ್ತೀನಿ. ನಿನ್ನ ನಗು ಮುಗಿದ ಮೇಲೆ ಹಾರೆ ತಗೊಂಡು ಬಾ."

ಮರುದಿನದಿಂದ ಅವಳು ಕಣ್ಣನ್ನು ನಂಬಲಿಲ್ಲ. ಇನ್ನೂ ಮೇಲಿನ ತಿರುವಿನಲ್ಲಿ ಕಾಲುವೆಯ ದಡ ಒಡೆದು, ಬೆರಳು ದಪ್ಪದ ನೀರು ಬಿಟ್ಟುಕೊಂಡು, ಅದರ ಮುಂದೆ ಮುಂದೆ ಅಗೆಯುತ್ತ ಹೋದಳು. ನೀರು ನಿಂತರೆ ತಾನೂ ನಿಂತು ನೆಲ ಕೆರೆಯುವಳು. ಅದು ಮತ್ತೆ ತೆವಳಿದ ಮೇಲೆಯೇ ಮುಂದಿನ ಹೆಜ್ಜೆ. ಸಂಜೆಯಾಗುವಷ್ಟರಲ್ಲಿ ಪಾದಗಳು ಊದಿಕೊಂಡು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. ಮೈದುನ ಹಾರೆ ಹೊತ್ತು ಬಂದವನು ಅದನ್ನು ನೋಡಿ ಗಾಬರಿಯಾದ.

"ಡಾಕ್ಟ್ರು ಮಲ್ಕೊಂಡಿರಿ ಅಂದಿದ್ದಾರಲ್ಲ?"

"ಅವ್ರಿಗೇನಪ್ಪ, ನಲ್ಲಿ ತಿರುಗಿಸಿದ್ರೆ ನೀರು. ಆ ಬೇರು ಕಡಿ, ಮಾತು ಸಾಕು."

ಅಂದಿನಿಂದ ಬೇರು, ಕಲ್ಲು ಅವನ ಪಾಲು. ನೀರಿನ ಮುಂದೆ ಕೂರುವುದು ಅವಳ ಪಾಲು.

ಅವಳು ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಹೊತ್ತು ಇಳಿಯುವಾಗ ನೀರು ಬಂಡೆಯನ್ನು ಸುತ್ತಿ, ಹಳೆಯ ಕಾಲುವೆಗೆ ಧುಮುಕಿ, ಕೆಳಕೇರಿಯ ಹೊಲಗಳಿಗೆ ನುಗ್ಗಿತು. ಮೈದುನ ಹಾರೆಯನ್ನು ಅಲ್ಲೇ ಬಿಸಾಡಿ, ಇಳಿಸಿದ್ದ ಹೆಂಚುಗಳನ್ನು ಮತ್ತೆ ಹೊದಿಸಲು ಮನೆಗೆ ಓಡಿದ. ನೀರಕ್ಕ ಓಡಲಿಲ್ಲ. ಹೊಸ ದಡ ಇನ್ನೂ ಹಸಿ; ಒಂದು ಕಡೆ ಸೋರಿದರೂ ಬೆಳಗಾಗುವುದರೊಳಗೆ ಕೊಚ್ಚಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ದಡದುದ್ದಕ್ಕೂ ಬಗ್ಗಿ ನೋಡುತ್ತ ಹೋದಳು. ಬಂಡೆಯ ಮಗ್ಗುಲಲ್ಲಿ ಏಡಿಯೊಂದು ಕೊರೆದಿದ್ದ ಬಿಲದಿಂದ ನೀರು ಜಿನುಗುತ್ತಿತ್ತು. ಬೇರುಸಹಿತ ಒಂದು ಹಿಡಿ ಹುಲ್ಲು ಕಿತ್ತು, ಜೇಡಿಮಣ್ಣಿನ ಜೊತೆ ಬಿಲಕ್ಕೆ ತುರುಕಿ, ಅದರ ಮೇಲೆ ಹತ್ತಿ ನಿಂತು, ಸೋರುವುದು ನಿಲ್ಲುವ ತನಕ ಆ ಊದಿದ ಕಾಲುಗಳಿಂದಲೇ ತುಳಿದಳು.