ಅವರು ತಡವಾಗಿ ನಕ್ಕ ಸಂಜೆ

ಹೋದ ತಿಂಗಳು ಶಿಕಾಗೋ ಪಕ್ಕದ ಇಟಾಸ್ಕಾದ ಹೋಟೆಲೊಂದರಲ್ಲಿ ನಮ್ಮ ಕಚೇರಿಯ ಸಭೆ ಇತ್ತು. ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನ ಕೈಗೆ ಒಂದು ಹೆಡ್‌ಫೋನ್ ಕೊಟ್ಟಳು. ಆಗತಾನೇ ಒರೆಸಿದ್ದಳೆಂದು ಕಾಣುತ್ತದೆ, ಅದರ ಸ್ಪಂಜಿನಿಂದ ಸ್ಪಿರಿಟ್ ವಾಸನೆ ಬಂತು. ಇಂಜೆಕ್ಷನ್ ಕೊಡುವ ಮೊದಲು ತೋಳಿಗೆ ಒರೆಸುತ್ತಾರಲ್ಲ, ಅದೇ ವಾಸನೆ. ಬೇರೆಯವರಿಗೆ ಆಸ್ಪತ್ರೆ ನೆನಪಾಗಬಹುದು. ನನಗೆ ನೆನಪಾದದ್ದು ಒಂದು ಚರ್ಚಿನ ನೆಲಮಾಳಿಗೆ, ಅಲ್ಲಿನ ಉದ್ದನೆಯ ಮೇಜು, ಮೇಜಿನ ತುದಿಯಲ್ಲಿ ಕೆಂಪು ಕೋಟು ತೊಟ್ಟು ಕುಳಿತು, "ಇನ್ನೊಂದ್ಸಲ ಒರೆಸು, ಬೇರೆಯವರ ಕಿವಿಗೆ ಹೋಗೋದು ಅದು" ಎನ್ನುತ್ತಿದ್ದ ಒಬ್ಬ ಹೆಂಗಸು…

ಎಲ್ಲರೂ ಅವರನ್ನು ಸೆನ್ಯೋರಾ ಎಂದು ಕರೆಯುತ್ತಿದ್ದರು, ನಮ್ಮಲ್ಲಿ ಅಮ್ಮಾವ್ರು ಎನ್ನುವ ಹಾಗೆ. ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಮಿಹಾ ಎನ್ನುತ್ತಿದ್ದರು. ಅವರ ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಮಗಳೇ ಎಂದರ್ಥ. ಉಳಿದಂತೆ ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಇಲ್ಲಿ ಬರೆಯುತ್ತಿರುವುದು ಅದು ನನ್ನ ಕಿವಿಯಲ್ಲಿ ಉಳಿದಿರುವ ಹಾಗೆ.

ಆಗ ನಾನು ಮಿಶಿಗನ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದೆ. ಅನುಕೂಲಸ್ಥರೇ ಹೆಚ್ಚಿರುವ ನಾರ್ತ್‌ವಿಲ್‌ನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇದ್ದೆ. ಓದಿನ ಭಾಗವಾಗಿ ಒಂದು ವರ್ಷ ಯಾವುದಾದರೂ ಬಡಾವಣೆಯ ಜನರ ಜೊತೆ ಕೆಲಸ ಮಾಡಬೇಕಿತ್ತು. ನನಗೆ ಸಿಕ್ಕಿದ್ದು ಡೆಟ್ರಾಯಿಟ್‌ಗೆ ಅಂಟಿಕೊಂಡಿರುವ ಒಂದು ಪುಟ್ಟ ಊರು. ಅಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದ ಕುಟುಂಬದವರು. ಊರಿನ ಮಧ್ಯದ ರಸ್ತೆಯಲ್ಲಿ ಶಾಲೆ, ರಸ್ತೆಯ ಕೊನೆಯಲ್ಲಿ ಗೋದಾಮುಗಳು. ಕಾರಿನ ಬಿಡಿಭಾಗ ಹೊತ್ತ ಲಾರಿಗಳು ಗೋದಾಮಿನಲ್ಲಿ ತಮ್ಮ ಸರದಿ ಬರುವವರೆಗೆ ಶಾಲೆಯ ಮುಂದೆ ಇಂಜಿನ್ ಆರಿಸದೆ ನಿಂತಿರುತ್ತಿದ್ದವು. ಮಕ್ಕಳ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಇನ್‌ಹೇಲರ್ ಇರುವುದು ಅಲ್ಲಿ ಯಾರಿಗೂ ವಿಶೇಷವಾಗಿ ಕಾಣುತ್ತಿರಲಿಲ್ಲ. ನಾರ್ತ್‌ವಿಲ್‌ನ ಶಾಲೆಯ ಮುಂದೆ ಒಂದು ಲಾರಿ ಹಾಗೆ ಅರ್ಧ ದಿನ ನಿಂತಿದ್ದರೆ ಸಂಜೆಯೊಳಗೆ ಎಲ್ಲ ಅಪ್ಪಂದಿರೂ ಇಮೇಲ್ ಬರೆದಿರುತ್ತಿದ್ದರು, ಮರುದಿನ ಲಾರಿ ಇರುತ್ತಿರಲಿಲ್ಲ. ಈ ಊರಿನ ತಾಯಂದಿರೂ ಸುಮ್ಮನಿರಲಿಲ್ಲ. ಅವರ ಮಾತು ತಲುಪಬೇಕಾದಲ್ಲಿಗೆ ತಲುಪುತ್ತಿರಲಿಲ್ಲ, ಅಷ್ಟೇ. ಲಾರಿಗಳ ದಾರಿ ಬದಲಿಸಬೇಕು ಎಂಬುದು ಅವರ ಬೇಡಿಕೆ. ಅದಕ್ಕಾಗಿ ಅವರನ್ನೆಲ್ಲ ಒಟ್ಟು ಸೇರಿಸಿದವರು ಸೆನ್ಯೋರಾ.

ಮನೆಯಲ್ಲಿ ಈ ವಿಷಯ ಹೇಳಿದ ದಿನ ಚಿಕ್ಕಪ್ಪ ಚಪಾತಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. ಅವರ ಕೆಲಸ ಟ್ರಾಯ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲೇ.

"ಅಂದ್ರೆ ನಮ್ಮ ಲಾರಿಗಳನ್ನೇ ನಿಲ್ಸೋಕೆ ಹೊರಟಿದೀಯಾ ನೀನು?"

"ನಿಲ್ಸೋಕಲ್ಲ ಚಿಕ್ಕಪ್ಪ. ಆ ಕಡೆಯಿಂದ ಸುತ್ತಿ ಹೋಗ್ಲಿ ಅಂತ."

"ಸುತ್ತಿ ಹೋದ್ರೆ ನಾಲ್ಕು ಮೈಲಿ ಜಾಸ್ತಿ ಆಗತ್ತೆ, ಗೊತ್ತಾ?"

"ನಾಲ್ಕೇ ಮೈಲಿ ತಾನೆ?" ಎಂದರು ಚಿಕ್ಕಮ್ಮ. "ನೀವು ಒಂದು ಕಾಫಿಗೆ ಅಷ್ಟು ದೂರ ಡ್ರೈವ್ ಮಾಡ್ತೀರ." ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ನನ್ನ ಕಡೆ ತಿರುಗಿದರು. "ನೀನೂ ಅಷ್ಟೇ. ಅಲ್ಲಿ ಕಾರ್ ಲಾಕ್ ಮಾಡ್ಕೋ. ಕತ್ತಲಾಗೋ ಮುಂಚೆ ಬಂದ್ಬಿಡು. ಆ ಜನ ಹೇಗೋ ಏನೋ."

ಚಿಕ್ಕಮ್ಮ ಆ ಊರಿಗೆ ಒಮ್ಮೆಯೂ ಹೋದವರಲ್ಲ. ವಾರ ವಾರ ಕೊತ್ತಂಬರಿ, ಹಸಿಮೆಣಸಿನಕಾಯಿ, ಸೀಮೆಬದನೆಕಾಯಿ ಮಾತ್ರ ಮೆಕ್ಸಿಕನ್ ಅಂಗಡಿಯಿಂದಲೇ ಬರುತ್ತಿತ್ತು.

ಸೆನ್ಯೋರಾ ಹುಟ್ಟಿದ್ದು ಟೆಕ್ಸಸ್‌ನಲ್ಲಿ. ಶಾಲೆಯ ಮೈದಾನದಲ್ಲಿ ಗೆಳತಿಯ ಜೊತೆ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಮೇಷ್ಟ್ರಿಂದ ಏಟು ತಿಂದವರು. ಅಪ್ಪ ಅಮ್ಮ ಚೆರ್ರಿ ಹಣ್ಣು ಬಿಡಿಸುವ ಕೆಲಸಕ್ಕೆ ಮಿಶಿಗನ್‌ಗೆ ಬಂದಾಗ ಜೊತೆಗೆ ಬಂದರು, ಇಲ್ಲೇ ಕಾಲೇಜು ಓದಿದರು. ಕೋರ್ಟಿನಲ್ಲಿ ದುಭಾಷಿಯಾಗಿ ಕೆಲಸ ಮಾಡಿ ನಿವೃತ್ತರಾಗಿದ್ದರು. "ಕೋರ್ಟಲ್ಲಿ ನಾನು ಬೇರೆಯವರ ಬಾಯಿ ಅಷ್ಟೇ," ಎಂದು ಒಮ್ಮೆ ಹೇಳಿದ್ದರು. "ಸ್ವಂತ ಅಭಿಪ್ರಾಯ ಇಟ್ಕೊಳ್ಳೋ ಹಾಗಿರ್ಲಿಲ್ಲ. ಈಗ ನೋಡು, ಅಷ್ಟೂ ಸ್ಟಾಕ್ ಇದೆ." ಕೆಂಪು ಕೋಟನ್ನು ಅವರು ಒಳಗೂ ತೆಗೆಯುತ್ತಿರಲಿಲ್ಲ. ಚಳಿಗೋ, ಗತ್ತಿಗೋ ಎಂದು ನಾನು ಕೇಳಲಿಲ್ಲ.

ಅವರ ಸಭೆಗಳಿಗೆ ಒಂದು ಕಟ್ಟುಪಾಡಿತ್ತು. ಬೇರೆ ಕಡೆ ಸಭೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಇಂಗ್ಲಿಷ್ ಬಾರದವರು ಹೆಡ್‌ಫೋನಿನಲ್ಲಿ ಅನುವಾದ ಕೇಳುತ್ತಾ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಇಲ್ಲಿ ತಿರುಗುಮುರುಗು. ಸಭೆ ಸ್ಪ್ಯಾನಿಷ್‌ನಲ್ಲಿ. ಸ್ಪ್ಯಾನಿಷ್ ಬಾರದವರಿಗೆ ಹೆಡ್‌ಫೋನ್, ಅವರು ಪ್ರೊಫೆಸರ್ ಆಗಿರಲಿ, ಡಾಕ್ಟರ್ ಆಗಿರಲಿ. ಪೆಟ್ಟಿಗೆ ಹೊರುವುದು, ಒರೆಸುವುದು, ಹಂಚುವುದು ನನ್ನ ಕೆಲಸ. ಕೊಡುವ ಮೊದಲು ಅವರ ಡ್ರೈವಿಂಗ್ ಲೈಸೆನ್ಸ್ ಇಸಿದುಕೊಳ್ಳಬೇಕು, ವಾಪಸ್ ಕೊಟ್ಟಾಗ ಹಿಂತಿರುಗಿಸಬೇಕು. ಇಲ್ಲದಿದ್ದರೆ ದೊಡ್ಡವರು ಮರೆತು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ ಎಂಬುದು ಸೆನ್ಯೋರಾ ಅನುಭವ.

ಮೊದಲ ದಿನ ನನ್ನ ಪರಿಚಯ ಮಾಡಿಕೊಳ್ಳಲು ಹೇಳಿದಾಗ ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. ನಾವು ಕನ್ನಡದವರು ಹಾಗೆಯೇ. ಹತ್ತು ಜನ ಕನ್ನಡಿಗರ ನಡುವೆ ಬೇರೆ ಭಾಷೆಯವರೊಬ್ಬರು ಬಂದು ಕೂತರೆ ಹತ್ತೂ ಜನ ಅವರ ಭಾಷೆಗೆ ಹೊರಳುತ್ತೇವೆ, ಅದನ್ನು ಸೌಜನ್ಯ ಎಂದುಕೊಳ್ಳುತ್ತೇವೆ. ಸೆನ್ಯೋರಾ ಕೈಯೆತ್ತಿ ನಿಲ್ಲಿಸಿದರು.

"ಇದು ನಿಮ್ಮ ಮನೆ ಭಾಷೆನಾ?"

"ಅಲ್ಲ. ಕನ್ನಡ."

"ಹಾಗಾದ್ರೆ ಅದ್ರಲ್ಲಿ ಹೇಳು."

"ಯಾರಿಗೂ ಅರ್ಥ ಆಗಲ್ಲ."

"ಗೊತ್ತು. ನಿನ್ನ ಮುಖ ಹೇಗೆ ಆಗತ್ತೆ ನೋಡ್ಬೇಕಿತ್ತು."

ಹೇಳಿದೆ. ನನ್ನ ಹೆಸರು, ಹಾಸನ, ಅಪ್ಪ ಅಮ್ಮ, ಇಷ್ಟೇ. ಅರ್ಥವಾಗದೆಯೇ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮುಖ ಹೇಗಾಗಿತ್ತೋ, ಅವರು ಮುಂದೆಂದೂ ಹೇಳಲಿಲ್ಲ.

ಲಾರಿಗಳ ದಾರಿಯನ್ನು ತೀರ್ಮಾನಿಸುವ ಸಮಿತಿಯವರು ಆ ಚಳಿಗಾಲದಲ್ಲಿ ಸಾರ್ವಜನಿಕರ ಮಾತು ಕೇಳಲು ಒಂದು ಸಂಜೆ ಗೊತ್ತುಮಾಡಿದರು. ಒಬ್ಬೊಬ್ಬರಿಗೆ ಎರಡು ನಿಮಿಷ. ನಮ್ಮ ಗುಂಪಿನಲ್ಲಿ ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಇದ್ದರು. ಅವರ ಮಗಳು ಆಗ ಮೂರನೇ ಕ್ಲಾಸು. ಆ ತಾಯಿ ತಮ್ಮ ಎರಡು ನಿಮಿಷದ ಮಾತನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು, ಬಾಯಿಪಾಠ ಮಾಡಿ ಬಂದಿದ್ದರು. ಅದಕ್ಕೆ ಮುಂಚಿನ ನಮ್ಮ ಚರ್ಚಿನ ಸಭೆಯಲ್ಲಿ ಎಲ್ಲರೆದುರು ಕೈಕಟ್ಟಿ ನಿಂತು ಒಪ್ಪಿಸಿದರು. ಸೆನ್ಯೋರಾ ಪೂರ್ತಿ ಕೇಳಿ, ಚೆನ್ನಾಗಿದೆ ಎಂದರು. ಆಮೇಲೆ ಹೇಳಿದ್ದನ್ನು ನಾನು ಹೆಡ್‌ಫೋನಿನಲ್ಲಿ ಕೇಳಿಸಿಕೊಂಡೆ.

"ನೀನು ಇಂಗ್ಲಿಷಲ್ಲಿ ಮಾತಾಡಿದ್ರೆ ಅವರಿಗೆ ನಿನ್ನ ಇಂಗ್ಲಿಷ್ ಕೇಳಿಸತ್ತೆ. ಸ್ಪ್ಯಾನಿಷಲ್ಲಿ ಮಾತಾಡಿದ್ರೆ ಲಾರಿ ಕೇಳಿಸತ್ತೆ. ಯಾವ್ದು ಬೇಕು?"

ಬೇಕರಿಯಾಕೆ ಬರೆಸಿಕೊಂಡಿದ್ದ ಹಾಳೆಯನ್ನು ಮಡಚಿ ಕೈಚೀಲದೊಳಗೆ ಇಟ್ಟರು. ಹೆದರಿದ್ದರು, ಅದು ಕಾಣುತ್ತಿತ್ತು.

ಆ ಸಂಜೆ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಸಮಿತಿಯವರು, ಗೋಡೆಯ ಮೇಲೆ ಕೆಂಪು ಅಂಕಿಗಳ ಗಡಿಯಾರ. ಗೋದಾಮಿನ ಪರವಾಗಿ ಬಂದವರು ಮೊದಲು ಮಾತಾಡಿದರು, ನೀಟಾಗಿ, ಪೂರಾ ಎರಡು ನಿಮಿಷ. ಆಮೇಲೆ ನಮ್ಮವರು. ಸಮಿತಿಯವರೇ ಒಬ್ಬ ದುಭಾಷಿಯನ್ನು ಕೂರಿಸಿದ್ದರು. ತಾಯಿ ಒಂದು ವಾಕ್ಯ ಹೇಳುವುದು, ನಿಲ್ಲುವುದು, ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳುವುದು. ಗಡಿಯಾರ ಮಾತ್ರ ನಿಲ್ಲುತ್ತಿರಲಿಲ್ಲ. ಮೊದಲನೆಯವರು ಮಗನ ಆಸ್ಪತ್ರೆಯ ವಿಷಯಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿತು. ಎರಡನೆಯವರು ಅಲ್ಲಿಯವರೆಗೂ ಬರಲಿಲ್ಲ. ಮೂರನೆಯ ಸರದಿ ಬೇಕರಿಯಾಕೆಯದು. ಆಕೆ ಕೈಚೀಲದ ಬಾಯಿ ತೆರೆದು ಆ ಇಂಗ್ಲಿಷ್ ಹಾಳೆಯನ್ನು ಹುಡುಕುತ್ತಿರುವುದು ನನಗೆ ಕಂಡಿತು. ಸೆನ್ಯೋರಾಗೂ ಕಂಡಿರಬೇಕು. ಎದ್ದು ನಿಂತರು.

"ಅಧ್ಯಕ್ಷರೇ, ಒಂದು ಪ್ರಶ್ನೆ. ಅವರಿಗೆ ಎರಡು ನಿಮಿಷ ಸಿಕ್ತು. ನಮಗೆ ಒಂದೇ ಸಿಗ್ತಿದೆ. ಇನ್ನೊಂದು ಎಲ್ಲಿ ಹೋಯ್ತು?"

"ಮೇಡಂ, ನಿಯಮ ಎಲ್ಲರಿಗೂ ಒಂದೇ. ಎರಡು ನಿಮಿಷ."

"ಹೌದು. ನಾವು ಎಲ್ಲಾನೂ ಎರಡು ಸಲ ಹೇಳ್ಬೇಕು."

"ಮಧ್ಯೆ ಗಡಿಯಾರ ನಿಲ್ಲಿಸೋ ವ್ಯವಸ್ಥೆ ನಮ್ಮಲ್ಲಿ ಇಲ್ಲ."

"ನಿಲ್ಲಿಸ್ಬೇಡಿ. ಬೇರೆ ವ್ಯವಸ್ಥೆ ನಾವೇ ತಂದಿದೀವಿ." ನನ್ನ ಕಡೆ ತಿರುಗಿದರು. "ಮಿಹಾ, ಪೆಟ್ಟಿಗೆ."

ನಾಲ್ಕು ಜನರ ಮುಂದೆ ನಡೆದುಹೋಗಲೂ ಹಿಂಜರಿಯುವವಳು ನಾನು. ಅಷ್ಟು ಜನ ನೋಡುತ್ತಿರುವಾಗ ವೇದಿಕೆ ಹತ್ತಿದೆ. ತುದಿಯಲ್ಲಿ ಕುಳಿತಿದ್ದ ಹಿರಿಯ ಸದಸ್ಯರು ಹೆಡ್‌ಫೋನನ್ನು ಹಿಂದಕ್ಕೆ ತಳ್ಳಿ, "ನನ್ನ ಕಿವಿ ಚೆನ್ನಾಗೇ ಕೇಳತ್ತೆ" ಎಂದರು.

"ಅದನ್ನೇ ನೋಡೋಣ ಅಂತ" ಎಂದರು ಸೆನ್ಯೋರಾ ಕೆಳಗಿನಿಂದ.

ಆ ಗಲಿಬಿಲಿಯಲ್ಲಿ ಅಭ್ಯಾಸಬಲದಿಂದ ನಾನು, "ಡ್ರೈವಿಂಗ್ ಲೈಸೆನ್ಸ್ ಕೊಡಿ ಸರ್" ಎಂದುಬಿಟ್ಟೆ. "ನಿಯಮ ಎಲ್ಲರಿಗೂ ಒಂದೇ" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅಧ್ಯಕ್ಷರಿಗೇ ನಗು ಬಂತು. ಅವರು ಪರ್ಸ್ ತೆಗೆದರು, ಉಳಿದವರೂ ತೆಗೆದರು. ಇಡೀ ಸಮಿತಿಯ ಲೈಸೆನ್ಸುಗಳನ್ನು ಕೈಯಲ್ಲಿ ಹಿಡಿದು ನಾನು ಮೆಟ್ಟಿಲಿಳಿದೆ.

ಸೆನ್ಯೋರಾ ಹಿಂದಿನ ಮೂಲೆಗೆ ಹೋಗಿ ಪುಟ್ಟ ಮೈಕನ್ನು ತುಟಿಯ ಹತ್ತಿರ ಹಿಡಿದು ಕುಳಿತರು. ಇನ್ನು ವಾಕ್ಯ ವಾಕ್ಯಕ್ಕೂ ಮಾತು ನಿಲ್ಲಿಸಬೇಕಾಗಿರಲಿಲ್ಲ. ಬೇಕರಿಯಾಕೆ ಸ್ಪ್ಯಾನಿಷ್‌ನಲ್ಲಿ ಮಾತಾಡುತ್ತಾ ಹೋದರು, ಅವರ ಬೆನ್ನಿಗೇ ಸೆನ್ಯೋರಾ ದನಿ ಸಮಿತಿಯವರ ಕಿವಿಯಲ್ಲಿ ಇಂಗ್ಲಿಷ್ ಆಗುತ್ತಿತ್ತು.

"ನನ್ನ ಮಗಳಿಗೆ ಓದೋ ಹುಚ್ಚು ಅಂತ ಟೀಚರ್ ಹೊಗಳಿದಾರೆ. ಆಟಕ್ಕೆ ಬಿಟ್ರೂ ಲೈಬ್ರರಿಗೇ ಹೋಗ್ತಾಳಂತೆ. ಮನೇಲಿ ನಾವ್ಯಾರೂ ನಂಬ್ಲಿಲ್ಲ. ಅಡುಗೆಮನೇಲಿ ಬಾಲ್ ಒದ್ದು ನನ್ನ ಹುರುಳಿಕಾಳಿನ ಪಾತ್ರೆ ಉರುಳಿಸಿದವಳು ಅವಳು. ಎರಡು ಸಲ."

ನಮ್ಮವರೆಲ್ಲ ನಕ್ಕರು. ಒಂದು ಉಸಿರಿನಷ್ಟು ಹೊತ್ತಾದ ಮೇಲೆ ವೇದಿಕೆಯ ಮೇಲಿನವರು ನಕ್ಕರು. ಅಷ್ಟು ವರ್ಷ ಆ ಹೆಂಗಸರು ಇಂಥ ಸಭೆಗಳಲ್ಲಿ ಉಳಿದವರೆಲ್ಲ ನಕ್ಕ ಮೇಲೆ ನಗುತ್ತಾ ಬಂದಿದ್ದರು. ಅವತ್ತು ಅವರದು ಮೊದಲು.

"ನಾನು ಕೇಳ್ದೆ. ಅಲ್ಲಿ ಕಿಟಕಿ ಮುಚ್ಚಿರತ್ತೆ ಅಮ್ಮಾ, ಅಂದ್ಲು. ಹೊರಗೆ ಓಡಿದ್ರೆ ಉಸಿರು ಸಿಗಲ್ಲ. ಗೆಳತಿಯರಿಗೆ ಗೊತ್ತಾಗ್ಬಾರ್ದು ಅಂತ ಪುಸ್ತಕ ಹಿಡ್ಕೊಂಡು ಕೂರ್ತಾಳೆ. ಸರ್, ನನ್ನ ಮಗಳಿಗೆ ಓದೋದು ಇಷ್ಟ ಇಲ್ಲ."

ನಮ್ಮ ಕಡೆ ಮೌನ ಕವಿಯಿತು. ವೇದಿಕೆಗೆ ಅದೂ ಒಂದು ಉಸಿರು ತಡವಾಗಿ ತಲುಪಿತು.

ದುಭಾಷಿಗಳು ಆಡಿದವರ ಮಾತನ್ನು ತಮ್ಮದೇ ಎಂಬಂತೆ ಹೇಳಬೇಕು. ಹಾಗಾಗಿ ಸಮಿತಿಯವರ ಕಿವಿಯಲ್ಲಿ "ನನ್ನ ಮಗಳು" ಎಂದದ್ದು ಸೆನ್ಯೋರಾ. ಅವರಿಗೆ ಮಕ್ಕಳಿರಲಿಲ್ಲ.

ಅವತ್ತು ಏನೂ ತೀರ್ಮಾನವಾಗಲಿಲ್ಲ. ನಾನು ಸೆನ್ಯೋರಾರನ್ನು ಮನೆಗೆ ಬಿಡುವಾಗ ಅವರು ಸೀಟನ್ನು ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿಕೊಂಡು, "ಗೆದ್ವಿ" ಎಂದರು. ಇನ್ನೂ ಗೊತ್ತಿಲ್ಲವಲ್ಲ ಎಂದೆ. "ನಂಗೆ ಗೊತ್ತು. ಆ ಮುದುಕ ಹೆಡ್‌ಫೋನ್ ತೆಗೆಯೋಕೆ ಮರೆತು ಹಾಗೇ ಕೂತಿದ್ದ." ಸ್ವಲ್ಪ ಹೊತ್ತಿನ ಮೇಲೆ, "ನೀನು ಚೆನ್ನಾಗಿ ಕೇಳಿಸ್ಕೋತೀಯ ಮಿಹಾ. ಮಾತಾಡೋದು ಯಾವಾಗ?" ಎಂದರು. ಉತ್ತರಕ್ಕೆ ಅವರು ಕಾಯಲಿಲ್ಲ, ಮನೆ ಬಂದಿತ್ತು.

ವಸಂತದ ಹೊತ್ತಿಗೆ ಆ ರಸ್ತೆಯ ತಿರುವಿನಲ್ಲಿ ಲಾರಿಗಳಿಗೆ ಪ್ರವೇಶವಿಲ್ಲ ಎಂಬ ಫಲಕ ಬಂತು. ಮುಂದಿನ ಸಭೆಯಿಂದ ಅನುವಾದ ಬೇಕಾದವರಿಗೆ ದುಪ್ಪಟ್ಟು ಸಮಯ ಎಂದೂ ಸಮಿತಿ ಒಪ್ಪಿತು. "ನಾಲ್ಕು ಮೈಲಿ ಅಲ್ವಂತೆ, ಮೂರೇ ಅಂತೆ" ಎಂದರು ಚಿಕ್ಕಪ್ಪ, ತಾವೇ ದಾರಿ ಮಾಡಿಕೊಟ್ಟವರ ಹಾಗೆ.

ಓದು ಮುಗಿಸಿ ನಾನು ಶಿಕಾಗೋ ಕಡೆ ಕೆಲಸಕ್ಕೆ ಬಂದೆ. ಮೊದಮೊದಲು ಫೋನ್ ಮಾಡುತ್ತಿದ್ದೆವು. ಆಮೇಲೆ ಹಬ್ಬಕ್ಕೊಂದು ಮೆಸೇಜು… ಆಮೇಲೆ ಅದೂ ಅಪರೂಪ. ಅವರು ಹೋದ ಸುದ್ದಿ ಬಂದದ್ದು ಒಂದು ಜನವರಿಯಲ್ಲಿ. ಹಿಮಗಾಳಿಗೆ ಹೆದ್ದಾರಿ ಮುಚ್ಚಿತ್ತು. ಹೋಗಲಾಗಲಿಲ್ಲ. ಕೆಂಪು ಕೋಟನ್ನು ಯಾರಿಗೆ ಕೊಟ್ಟರೋ ಎಂದು ಅವತ್ತು ಬಹಳ ಹೊತ್ತು ಯೋಚಿಸಿದೆ. ಯಾಕೆ ಅದೇ ಹೊಳೆಯಿತೋ ತಿಳಿಯದು.

ಇಟಾಸ್ಕಾದ ಸಭೆಯಾದ ವಾರಕ್ಕೆ ಚಿಕ್ಕಮ್ಮನ ಮನೆಗೆ ಹೋದವಳು ಆ ಊರಿಗೂ ಹೋಗಿಬಂದೆ. ಬೇಕರಿಯಾಕೆ ಬಾಗಿಲಲ್ಲೇ ತಬ್ಬಿಕೊಂಡರು. ಈಗ ತಿಂಗಳಿಗೊಮ್ಮೆ ಚರ್ಚಿನ ಸಭೆ ನಡೆಸುವವರು ಅವರೇ. ಈ ಸಲ ಊರಿಗೆ ಒಂದು ಕ್ಲಿನಿಕ್ ತರಬೇಕೆಂಬ ಹಟ. ನಾವು ಸೆನ್ಯೋರಾ ಬಗ್ಗೆ ಮಾತಾಡುತ್ತಿದ್ದೆವು. ಅಷ್ಟರಲ್ಲಿ ಮಗಳು ಬಂದಳು. ಹೈಸ್ಕೂಲು, ಅಮ್ಮನಿಗಿಂತ ಎತ್ತರ, ಮಂಡಿಯವರೆಗೆ ಕೆಸರು ಮೆತ್ತಿದ ಸಾಕ್ಸು. ಅಮ್ಮ ಸ್ಪ್ಯಾನಿಷ್‌ನಲ್ಲಿ ಏನೋ ಗದರಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ನಾನು ಅವಳನ್ನು ಕೇಳಿದೆ, ಸೆನ್ಯೋರಾ ನೆನಪಿದ್ದಾರಾ?

ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದಳು. "ಇಲ್ಲ, ಸಾರಿ. ಯಾರು?"

ನಾನು ಹೆಸರು ಹೇಳಿದೆ. ಅವಳು ತಲೆಯಾಡಿಸಿ, ಫ್ರಿಜ್ಜಿನಿಂದ ಒಂದು ಬಾಟಲಿ ನೀರು ತೆಗೆದುಕೊಂಡು ಮತ್ತೆ ಹೊರಗೆ ಓಡಿದಳು. ನನಗೆ ಏನೋ ಕಳೆದುಹೋದಂತಾಯಿತು. ನನ್ನ ಮುಖದಲ್ಲಿ ಅದು ಕಂಡಿರಬೇಕು. ಬೇಕರಿಯಾಕೆ ನನ್ನ ಕೈ ಮೇಲೆ ಕೈ ಇಟ್ಟರು. ಈಗ ಅವರ ಇಂಗ್ಲಿಷಿಗೆ ಯಾವ ಅಳುಕೂ ಇಲ್ಲ.

"ಬೇಜಾರು ಮಾಡ್ಕೋಬೇಡಿ," ಎಂದರು. "ಅವಳಿಗೆ ಲಾರಿಗಳೇ ನೆನಪಿಲ್ಲ."