ದೊಡ್ಡಮ್ಮ ಬಳಿದ ಬೂದಿಬಣ್ಣ

ದೊಡ್ಡಮ್ಮನ ಉಗುರುಸಂದಿಯಲ್ಲಿ ಸುಣ್ಣ, ಮಸಿ ಸೇರಿದ ಒಂದು ಬೂದುಗೆರೆ ಯಾವಾಗಲೂ ಇರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಹೋಗಲಿ ಎಂದು ಅವಳಿಗೂ ಇರಲಿಲ್ಲ.

ಅವಳು ಅಪ್ಪನ ಮೊದಲ ಹೆಂಡತಿ. ನಾನು ಎರಡನೆಯವಳ ಮಗಳು. ಮಕ್ಕಳಾಗಲಿಲ್ಲವೆಂದು ಅಪ್ಪ, ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ವರ್ಷ, ಮಳವಳ್ಳಿಯಿಂದ ನನ್ನ ಅವ್ವನನ್ನು ಕಟ್ಟಿಕೊಂಡು ಬಂದ. ಮದುವೆಗೆ ಹೊರಡುವಾಗ ದೊಡ್ಡಮ್ಮನಿಗೇ ಹೇಳಿದನಂತೆ: "ಒಳಕೋಣೆಗೆ ಸುಣ್ಣ ಒಡ್ದು ಸಿಂಗಾರ ಮಾಡಿರು. ಎಣ್ಣು ಬತ್ತಾಳೆ."

ಹೊಟ್ಟೆ ಉರಿದುಹೋದ ದೊಡ್ಡಮ್ಮ ಒಲೆಗೋಡೆಯ ಮಸಿ ಕೆರೆದು, ಸುಣ್ಣದ ನೀರಿಗೆ ಕದಡಿ, ಬಟ್ಟೆಗೆ ಹಾಕುವ ನೀಲಿ ಒಂದು ಚಿಟಿಕೆ ಬೆರೆಸಿ, ಸುಡುಗಾಡಿನ ಬೂದಿಯ ಬಣ್ಣ ಬಳಿದಳು. ಹಸಿಯಾಗಿದ್ದಾಗ ಗೋಡೆ ಅವಳು ಬಯಸಿದಷ್ಟೇ ಕಪ್ಪಗಿತ್ತು. ಆದರೆ ಸುಣ್ಣ ಒಣಗಿದರೆ ತಿಳಿಯಾಗುತ್ತದೆ. ನಮ್ಮೂರು ಗುತ್ತಲಿನ ಬಿಸಿಲಲ್ಲಿ ಗಾಡಿಯಿಂದಿಳಿದು ಒಳಬಂದ ಅವ್ವ, ಗೋಡೆಗೆ ಅಂಗೈ ಒತ್ತಿ, "ಅಕ್ಕ, ಎಷ್ಟು ತಣ್ಣಗದೆ! ಮೋಡ ಕವಿದಂಗದೆ. ನೀವೇ ಬಳಿದ್ರಾ?" ಎಂದಳಂತೆ. ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲವಂತೆ. ಅಂದೇ ಅವಳ ಸಿಟ್ಟು ಅವ್ವನನ್ನು ಬಿಟ್ಟಿತು. ಅಪ್ಪನನ್ನು ಬಿಡಲಿಲ್ಲ.

ನಾನು ಆ ಕೋಣೆಯಲ್ಲೇ ಹುಟ್ಟಿದೆ. ಹೆಣ್ಣು! ಆಮೇಲೂ ಗಂಡಾಗಲಿಲ್ಲವೆಂದು ಅಪ್ಪ ಮದ್ದೂರಿನಲ್ಲಿ ಮೂರನೆಯ ಹೆಣ್ಣು ನೋಡಿದ. ಅವ್ವನನ್ನೂ ನನ್ನನ್ನೂ ಮಳವಳ್ಳಿಗೆ ಸಾಗಹಾಕುವುದೆಂದು ಮಾತಾಯಿತು. ಹೆಣ್ಣಿನ ಕಡೆಯವರನ್ನು ಮನೆ ನೋಡಲು ಕರೆತರುತ್ತೇನೆಂದು ಅಪ್ಪ ಹಿಂದಿನ ದಿನ ಹೊರಟದ್ದೇ ತಡ, ದೊಡ್ಡಮ್ಮ ಸೆರಗು ಸಿಕ್ಕಿಸಿದಳು. ಈ ಸಲ ಒಣಗಿದರೂ ತಿಳಿಯಾಗದಷ್ಟು ಮಸಿ. ಪಡಸಾಲೆ, ಜಗಲಿ, ಬಾಗಿಲಿನ ಎಡಬಲ, ಯಾವುದನ್ನೂ ಬಿಡಲಿಲ್ಲ.

ಮರುದಿನ ಹೆಣ್ಣಿನ ತಂದೆ ಜಗಲಿ ಹತ್ತಲೇ ಇಲ್ಲ. "ಇದೇನ್ಲಾ, ಸುಡುಗಾಡ್ನಂಗೆ ಬಳಿದವ್ರೆ! ಈ ಮನೆಗೆ ನಮ್ಮೆಣ್ಣು ಕೊಡಾಕಿಲ್ಲ, ನಡೀರ್ಲಾ," ಎಂದು ತನ್ನವರನ್ನೆಲ್ಲ ತಿರುಗಿಸಿಕೊಂಡು ಹೋದ.

ಅಪ್ಪ ಕೈಯೆತ್ತಿದ. ದೊಡ್ಡಮ್ಮ ಕದಲಲಿಲ್ಲ. "ಬೇಕಾದ್ರೆ ಸುಣ್ಣ ಒಡ್ಸಿ. ಇನ್ನೊಂದ್ ಎಣ್ಣು ಅಂದ ದಿನ ನಾನ್ ತಿರ್ಗಾ ಬಳೀತೀನಿ." ಅಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ಅವನು ಕಾಯಿಲೆ ಬಿದ್ದು, ಇನ್ನೂ ಮಸಿಬಣ್ಣದಲ್ಲೇ ಇದ್ದ ಪಡಸಾಲೆಯಲ್ಲಿ ಮಲಗಿದ. ತಣ್ಣನೆಯ ಒಳಕೋಣೆ ನಮ್ಮ ಮೂವರದು. "ಈ ಗೋಡೆ ನೋಡಾಕಾಯ್ತಿಲ್ಲ ಕಣೆ, ಸುಣ್ಣ ಒಡ್ಸು," ಎಂದು ಗೋಗರೆದ. ದೊಡ್ಡಮ್ಮ ಗಂಜಿ ಕುಡಿಸಿ, ಬಾಯಿ ಒರೆಸಿ, "ಒಣಗ್ಲಿ ಬುಡಿ, ತಿಳಿಯಾಯ್ತದೆ," ಎಂದಳು. ಆ ಗೋಡೆ ಒಣಗಿ ವರ್ಷಗಳೇ ಆಗಿದ್ದವು.

ದೊಡ್ಡಮ್ಮನೂ ಹೋಗಿ ಎಷ್ಟೋ ಕಾಲವಾಯಿತು. ನನ್ನ ಮನೆಯ ಒಳಗೋಡೆಗಳಿಗೆಲ್ಲ ಅವಳ ಒಳಕೋಣೆಯ ತಿಳಿಬೂದು ಬಣ್ಣವನ್ನೇ ಹೊಡೆಸಿದ್ದೇನೆ. ಅದರ ಮೇಲೆ ಅವಳ ಫೋಟೋ, ಅವ್ವನ ಫೋಟೋ ಚೆಂದ ಕಾಣುತ್ತವೆ. ಅಪ್ಪನದು ಪೆಟ್ಟಿಗೆಯಲ್ಲಿದೆ. ಅದನ್ನೂ ಹಾಕಮ್ಮ ಎಂದು ಮಕ್ಕಳು ಕೇಳಿದಾಗಲೆಲ್ಲ, ಇನ್ನೊಂದು ಮೊಳೆ ಹೊಡೆದರೆ ಗೋಡೆ ಹಾಳಾಗುತ್ತದೆ ಎನ್ನುತ್ತೇನೆ.